ನಲವತ್ತೆರಡಕ್ಕೆ ಕಲಿತ ಕಂಪ್ಯೂಟರ್ ಡ್ರಾಯಿಂಗು

ನಲವತ್ತು ದಾಟಿದ ಮೇಲೆ ಪಾಠಕ್ಕೆ ಕೂತವನ ಮನೇಲಿ ನಗುವಿಗೆ ಬರ ಇರೋದಿಲ್ಲ. ನಾನು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ಡ್ರಾಯಿಂಗ್ ಬರೀತಿದ್ದೆ. ಜಂಬ ಅಂದ್ಕೊಂಡ್ರೂ ಸರಿ, ನನ್ನ ಪೆನ್ಸಿಲ್ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗ್ತಿರಲಿಲ್ಲ. ತೊಂಬತ್ತರ ದಶಕದ ಕೊನೇಲಿ ಮ್ಯಾನೇಜರು ಕರೆದು, ಮೂರು ತಿಂಗಳಲ್ಲಿ ಕಂಪ್ಯೂಟರಲ್ಲಿ ಬರೆಯೋದು ಕಲಿತು ಪರೀಕ್ಷೆ ಪಾಸಾಗಿ, ಇಲ್ಲದಿದ್ರೆ ಸ್ಟೋರ್ಸಿಗೆ ಹೋಗಿ ಅಂದರು. ಸ್ಟೋರ್ಸಲ್ಲಿ ನಟ್ಟು ಬೋಲ್ಟು ಎಣಿಸೋದಕ್ಕಿಂತ ಪಾಠಕ್ಕೆ ಕೂರೋದೇ ವಾಸಿ ಅನ್ನಿಸಿತು.

ಸ್ಕೇಲು

ಕೆಲಸ ಮುಗಿಸಿ ಬಸ್ಸು ಹತ್ತಿ ಶಿವಮೊಗ್ಗದ ಕ್ಲಾಸಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೇ ಕಂಪ್ಯೂಟರ್ ರೂಮಿಗೆ ಕಾಲಿಡಬೇಕಿದ್ದ ಕಾಲ. ಪಾಠ ಹೇಳೋ ಹುಡುಗಿ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ನೂರು ಮಿಲಿಮೀಟರ್ ಗೆರೆ ಎಳೀರಿ ಅಂದಳು. ಎಳೆದೆ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಜೇಬಿಂದ ಸ್ಕೇಲು ತೆಗೆದು ಪರದೆ ಮೇಲಿಟ್ಟೆ. ಅರವತ್ತೆರಡೇ ಇತ್ತು!

"ಮೇಡಂ, ನಿಮ್ಮ ಕಂಪ್ಯೂಟರ್ ಅಳತೆ ತಪ್ಪು ತೋರಿಸ್ತಿದೆ" ಅಂದೆ.

ಪರದೆ ಮೇಲೆ ಚಿತ್ರ ಚಿಕ್ಕದಾಗಿ ಕಂಡ್ರೂ ಅಳತೆ ಬದಲಾಗಲ್ಲ ಅಂತ ಪಾಪ ಅರ್ಧ ಗಂಟೆ ವಿವರಿಸಿದಳು. ಮಾರನೇ ದಿನದಿಂದ ಚಪ್ಪಲಿ ಜೊತೆ ಸ್ಕೇಲನ್ನೂ ಹೊರಗೆ ಬಿಟ್ಟು ಬನ್ನಿ ಅಂದಳು.

ಜಪ

ಭದ್ರಾವತಿಯ ನಮ್ಮ ಮನೇಲಿ ಗಲಾಟೆ ಇಲ್ಲದ ಜಾಗ ಅಂದ್ರೆ ದೇವರ ಕೋಣೆ ಒಂದೇ. ಬೆಳಿಗ್ಗೆ ಸ್ನಾನ ಮಾಡಿ ಅಲ್ಲಿ ಕಣ್ಮುಚ್ಚಿ ಕೂತು, ಬೆರಳೆಣಿಸ್ತಾ ಕಂಪ್ಯೂಟರಿನ ಕಮಾಂಡುಗಳನ್ನ ಬಾಯಿಪಾಠ ಮಾಡ್ತಿದ್ದೆ. ಊರಿಂದ ಬಂದಿದ್ದ ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದರಂತೆ. ಅಳಿಯಂದಿರಿಗೆ ಈಗಾದ್ರೂ ಶಿವನ ನೆನಪಾಯ್ತಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದರು. ನಾನು ಏಳೋವರೆಗೆ ಮಿಕ್ಸಿ ಹಾಕಕೂಡದು, ರೇಡಿಯೋ ಹಚ್ಚಕೂಡದು ಅಂತ ಮನೆಗೆಲ್ಲ ಕಟ್ಟಪ್ಪಣೆ. ಓದ್ಕೋತೀನಿ ಅಂತ ವಾರಗಟ್ಟಲೆ ಗೋಗರೆದ್ರೂ ಸಿಗದ ಮರ್ಯಾದೆ ಅದು. ನಿಜ ಹೇಳೋಕೆ ನನಗೇನು ತಲೆ ಕೆಟ್ಟಿತ್ತಾ?

ಪರೀಕ್ಷೆ

ಪರೀಕ್ಷೆ ದಿನ ಮ್ಯಾನೇಜರು, ನಿಮ್ಮಿಷ್ಟದ ಯಾವುದಾದ್ರೂ ವಸ್ತು ಅಳತೆ ಸಮೇತ ಬರೀರಿ ಅಂದುಬಿಟ್ಟರು. ಒಂದು ನಟ್ಟೂ ನೆನಪಿಗೆ ಬರ್ಲಿಲ್ಲ. ನೆನಪಾದದ್ದು ನನ್ನ ಹೆಂಡತಿಯ ಸೊಂಟ ನೋವು. ಅಡುಗೆ ಕಟ್ಟೆ ಸ್ವಲ್ಪ ಎತ್ತರಿಸಿ ಕೊಡಿ ಅಂತ ಹತ್ತು ವರ್ಷದಿಂದ ಕೇಳ್ತಿದ್ದಳು. ನಾನು ಪುರುಸೊತ್ತಿಲ್ಲ ಅಂತಲೇ ದಿನ ದೂಡಿದ್ದೆ. ಅವಳು ಕೇಳಿದಷ್ಟು ಎತ್ತರಕ್ಕೆ ಆ ಕಟ್ಟೆಯನ್ನೇ ಬರೆದೆ, ಕಲ್ಲಿನ ದಪ್ಪ, ಪಾತ್ರೆ ತೊಳೆಯೋ ತೊಟ್ಟಿಯ ಆಳ ಒಂದೂ ಬಿಡದೆ.

ಮ್ಯಾನೇಜರು ಹತ್ತು ನಿಮಿಷ ನೋಡಿ, "ಒಂದೂ ತಪ್ಪಿಲ್ಲ" ಅಂದು, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಅದರ ಮೂಲೆಯ 'ಚೆಕ್ಡ್' ಅನ್ನೋ ಚೌಕದಲ್ಲಿ ಸಹಿ ಹಾಕಿದರು. ಪಾಸು! ಕಣ್ಣಲ್ಲಿ ನೀರೇ ಬಂತು. ಆ ಹಾಳೆಯನ್ನ ಬಸ್ಸಲ್ಲಿ ಮಡಚದೆ ಎದೆಗವಚಿಕೊಂಡು ಬಂದೆ.

ಹೆಂಡತಿ ಅದನ್ನ ನೆಲದ ಮೇಲೆ ಹರಡಿ, ಕೂತು, ಪ್ರತಿ ಗೆರೆ ಮೇಲೂ ಬೆರಳಾಡಿಸಿದಳು. ಅವಳ ಮುಖವೂ ಅರಳಿತ್ತು, ನನಗೆ ಅಷ್ಟೇ ಸಾಕಿತ್ತು. ಆಮೇಲೆ ಕೇಳಿದಳು, ಗ್ಯಾಸ್ ಸಿಲಿಂಡರ್ ಇಡೋಕೆ ಜಾಗ ಎಲ್ಲಿ ಅಂತ. ನಾನು ಹುಡುಕಿದೆ. ಇರಲೇ ಇಲ್ಲ.

ಅವಳು ಆ ಸಹಿಯ ಮೇಲೆ ಬೆರಳಿಟ್ಟು ಹೇಳಿದಳು: "ಇದನ್ನ ಚೆಕ್ ಮಾಡಿದೋರು ಮನೇಲಿ ಒಂದಿನಾನೂ ಕಾಫಿ ಕಾಸಿಲ್ಲ ಬಿಡಿ."