ಬೆಲ್ಟು ಕಟ್ಟಿಕೊಳ್ಳದ ಮೇಸ್ತ್ರಿ

ನಾನು ಬರೆದ ಸುರಕ್ಷತಾ ನಿಯಮಗಳನ್ನು ಯಾರೂ ಮುರಿಯುವುದಿಲ್ಲ. ತಮಗೆ ತೋಚಿದ ಹಾಗೆ ಪಾಲಿಸುತ್ತಾರೆ, ಅಷ್ಟೆ. ಹಾಗಾಗಿ ನನ್ನ ಕೆಲಸದಲ್ಲಿ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ಚಾಮರಾಜನಗರದ ಕೆಲವು ಕಂಟ್ರಾಕ್ಟರುಗಳು ಸೇರಿ, ಕಟ್ಟಡದ ಕೆಲಸದಲ್ಲಿ ಯಾರಿಗೂ ಏಟಾಗದಂತೆ ನಿಯಮ ಬರೆದುಕೊಡಿ ಎಂದಾಗ ತಕ್ಷಣ ಒಪ್ಪಿಕೊಂಡೆ. ನಮ್ಮಪ್ಪ ಕುದೇರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು. ಗಳ ಕಟ್ಟಿದ ಸಾರುವೆಯಿಂದ ಬಿದ್ದ ಮೇಲೆ ನೆಟ್ಟಗೆ ನಡೆಯಲೇ ಇಲ್ಲ. ಮೊದಲ ಪ್ರಯೋಗ ಗುಂಡ್ಲುಪೇಟೆಯ ಒಂದು ಮೂರಂತಸ್ತಿನ ಕಟ್ಟಡದಲ್ಲಿ.

೧. ಸಿಂಬಿ

ಮೊದಲ ನಿಯಮ, ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇರಬೇಕು. ಮರುದಿನ ಹೋದರೆ, ಅಲ್ಲೇ ಮರಳು ಹೊರುವ ಕೆಲಸಕ್ಕಿದ್ದ ಮೇಸ್ತ್ರಿಯ ಹೆಂಡತಿ ತಲೆಗೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಹೆಲ್ಮೆಟ್ಟನ್ನು ಅಂಗಾತ ಕೂರಿಸಿ, ಅದರ ತುಂಬ ಮರಳು ಹೊತ್ತು ಬರುತ್ತಿದ್ದರು. ಇದೇನಕ್ಕ ಎಂದು ಕೇಳಿದೆ.

"ತಲೆ ಮ್ಯಾಲೇ ಅದೆಯಲ್ಲ ಸಾ" ಎಂದರು.

ತಪ್ಪು ನನ್ನದೇ. ಹೆಲ್ಮೆಟ್ಟಿನ ಮೇಲೆ ಸಿಂಬಿ ನಿಲ್ಲುವುದಿಲ್ಲ, ಸಿಂಬಿ ಇಲ್ಲದೆ ಮರಳಿನ ಬಾಂಡ್ಲಿ ನಿಲ್ಲುವುದಿಲ್ಲ. ತಲೆಹೊರೆ ನಿಲ್ಲಿಸಿ ಮರಳೆತ್ತಲು ರಾಟೆ ಹಾಕಿಸಿದೆ. ಅವತ್ತು ಆಕೆ ಮೆಲ್ಲಗೆ, ನಮ್ಮದು ಹಾಗಿರಲಿ, ಮೊದಲು ನಮ್ಮವರಿಗೆ ಮೇಲಿಂದ ಬೀಳದಂತೆ ಹಿಡಿಯುವ ಬೆಲ್ಟು ಕಟ್ಟಿಸಿ ಎಂದರು. ಮೇಸ್ತ್ರಿ ಬೆಲ್ಟಿಲ್ಲದೆಯೇ ತಲೆ ನರೆಸಿಕೊಂಡವರು. ಅವರು ಕಟ್ಟದ ಹೊರತು ಉಳಿದವರೂ ಕಟ್ಟುವವರಲ್ಲ.

"ಅವ್ರು ಮ್ಯಾಲಿದ್ರೆ ನಂಗೆ ಕೆಳ್ಗೆ ಉಸ್ರು ಕಟ್ದಂಗಾಯ್ತದೆ ಸಾ" ಎಂದರು ಆಕೆ.

ನಮ್ಮವ್ವನಿಗೂ ಹಾಗೇ ಆಗುತ್ತಿತ್ತೇನೋ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

೨. ಬೊಂಬೆ

ಬೆಲ್ಟು ಬಂತು. ಮೂರನೇ ದಿನ ನೋಡಿದರೆ ಮೇಸ್ತ್ರಿಯ ಸೊಂಟದಲ್ಲಿ ಇಲ್ಲ. ಕಟ್ಟಡಕ್ಕೆ ದೃಷ್ಟಿಯಾಗದಿರಲೆಂದು ಮೇಲೆ ನಿಲ್ಲಿಸಿದ್ದ ಹುಲ್ಲಿನ ಬೊಂಬೆ ಅದನ್ನು ಕಟ್ಟಿಕೊಂಡು, ಬೆಲ್ಟಿನ ಹಗ್ಗದ ಕೊಕ್ಕೆಯನ್ನು ನಾನು ಅದಕ್ಕೆಂದೇ ಹಾಕಿಸಿದ್ದ ಕಂಬಿಗೆ ಸಿಕ್ಕಿಸಿಕೊಂಡು ನಿಂತಿತ್ತು. ನಾನು ಕಲಿಸಿದ್ದನ್ನು ಒಂಚೂರೂ ತಪ್ಪದೆ ಪಾಲಿಸಿದವನು ಅವನೊಬ್ಬನೇ.

ಮೇಸ್ತ್ರಿ ನನಗೆ ಸಮಾಧಾನವಾಗಿ ವಿವರಿಸಿದರು: "ನಮ್ಮುನ್ನೆಲ್ಲ ಕಾಯ್ತಿರೋನೇ ಅವ್ನು ಸಾ. ಅವ್ನೇ ಬಿದ್ದೋದ್ರೆ ನಮ್ಮ ಗತಿ ಏನು?"

೩. ಬೂಟು

ತಾರಸಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವ ದಿನ ಬೂಟಿಲ್ಲದೆ ಯಾರೂ ಮೇಲೆ ಹೋಗಕೂಡದು ಎಂದು ಬೋರ್ಡು ಬರೆಸಿದ್ದೆ. ಮೇಲೆ ಪೂಜೆ ಆಯಿತು, ತೆಂಗಿನಕಾಯಿ ಒಡೆದರು, ನೋಡಿದರೆ ಎಲ್ಲರದೂ ಬರಿಗಾಲು. ಬೂಟುಗಳು ಮೆಟ್ಟಿಲ ಬುಡದಲ್ಲಿ, ಬೋರ್ಡಿನ ಕೆಳಗೇ, ಸಾಲಾಗಿ ಕೂತಿದ್ದವು. ಪೂಜೆ ಮಾಡಿದ ಜಾಗಕ್ಕೆ ಎಕ್ಕಡ ಮೆಟ್ಟಿಕೊಂಡು ಹೋಗುವುದುಂಟೆ ಎಂದು ಮೇಸ್ತ್ರಿ ಕೇಳಿದರು. ಬೈಯಲು ಬಾಯಿ ತೆರೆದವನು ನನ್ನ ಕಾಲು ನೋಡಿಕೊಂಡೆ. ನನ್ನ ಬೂಟುಗಳೂ ಆ ಸಾಲಿನಲ್ಲೇ ಇದ್ದವು.

ಆಮೇಲಿಂದ ಪೂಜೆಯನ್ನು ಕೆಳಗೇ, ಒಂದು ಮೂಲೆಯಲ್ಲಿ ಮಾಡುತ್ತೇವೆ. ಇದೂ ಈಗ ನಿಯಮದ ಪುಸ್ತಕದಲ್ಲಿದೆ.

೪. ಕೊಕ್ಕೆ

ಹೊರಗೋಡೆಯ ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ ಉಪದೇಶ ಬಿಟ್ಟು, ಮೇಸ್ತ್ರಿಯ ಪಕ್ಕ ಕೂತು ಟೀ ಕುಡಿಯುತ್ತಾ ನಮ್ಮಪ್ಪನ ವಿಷಯ ಹೇಳಿದೆ. ಎಷ್ಟು ಎತ್ತರದಿಂದ ಬಿದ್ದರು ಎಂದು ಕೇಳಿದರು. ಒಂದಾಳೆತ್ತರ ಎಂದೆ. ಅವರು ಟೀ ಲೋಟ ಕೆಳಗಿಟ್ಟು, ತಲೆಯೆತ್ತಿ ಮೂರನೇ ಅಂತಸ್ತಿನ ಕಡೆ ನೋಡಿದರು.

ಮರುದಿನ ಮೂರನೇ ಅಂತಸ್ತಿನ ಸಾರುವೆಯ ಮೇಲೆ ಮೇಸ್ತ್ರಿ, ಸೊಂಟದಲ್ಲಿ ಬೆಲ್ಟು. ನನ್ನ ಕಣ್ಣು ತುಂಬಿ ಬಂತು. ಹಗ್ಗ ಎಲ್ಲಿಗೆ ಸಿಕ್ಕಿಸಿದ್ದಾರೆ ನೋಡೋಣ ಎಂದು ಹತ್ತಿ ಹೋದೆ. ಹಗ್ಗ ಕಿಟಕಿಯೊಳಗೆ ಹೋಗಿತ್ತು. ಒಳಗೆ ಅವರ ಹೆಂಡತಿ ಹೆಲ್ಮೆಟ್ ಹಾಕಿಕೊಂಡು, ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಕಾಲನ್ನು ಗೋಡೆಗೆ ಒತ್ತಿ ನಿಂತಿದ್ದರು.

ಕೊಕ್ಕೆ ಹಾಕಬೇಕಾದ್ದು ಕಂಬಿಗೆ, ಅಕ್ಕನ ಕೈಗಲ್ಲ ಎಂದೆ.

"ಆ ಕಂಬಿ ಮೊನ್ನೆ ಬಂದದ್ದು ಸಾ" ಎಂದರು ಮೇಸ್ತ್ರಿ, ಗಾರೆ ಮೆತ್ತುತ್ತಿದ್ದ ಕರಣೆ ನಿಲ್ಲಿಸದೆ. "ಇವ್ಳು ಮೂವತ್ತು ವರ್ಸದಿಂದ ಇಡ್ಕಂಡವ್ಳೆ."

ನಾನೇ ಕೊಕ್ಕೆಯನ್ನು ಕಂಬಿಗೆ ಹಾಕಿ, ಜಗ್ಗಿ ತೋರಿಸಿದೆ. ಇನ್ನು ಬಿಡಿ ಅಕ್ಕ ಎಂದೆ. ಆಕೆ ದೊಡ್ಡದಾಗಿ ಉಸಿರು ಬಿಟ್ಟರು. ಹಗ್ಗ ಬಿಡಲಿಲ್ಲ.

"ನೀವು ಕಂಬಿ ನೋಡ್ಕಳಿ ಸಾ. ಇವ್ರುನ್ನ ನಾನು ನೋಡ್ಕತೀನಿ."