ಸ್ವೀಕೃತಿ ಸಂಖ್ಯೆ 417: ಕಣ್ಣಿಲ್ಲದ ಮರಿಯ ವಿಲೇವಾರಿ

ಹಳೆ ದಾಖಲೆಗಳ ಶಾಖೆ
ಸಂಖ್ಯೆ: ಹದಾಶಾ/ಮರಿ/417
ದಿನಾಂಕ: ಶನಿವಾರ, ಊಟಕ್ಕೆ ಮುಂಚೆ

ಸುತ್ತೋಲೆ

ವಿಷಯ: ಹುಟ್ಟುಗುರುಡು ನಾಯಿಮರಿಯೊಂದನ್ನು ಸಾಕುವುದೋ ಬೇಡವೋ ಎಂಬ ಬಗ್ಗೆ.

ಉಲ್ಲೇಖ: 1. ಪಶುವೈದ್ಯೆಯವರ ಚೀಟಿ.
2. ಅಧೀಕ್ಷಕರ ಮನೆಯವರ ಸ್ಥಾಯಿ ಆದೇಶ (ಮೌಖಿಕ): ‘ನಾಯಿ ಗೀಯಿ ಅಂತ ತಂದ್ರೆ ಹೊಸಿಲು ದಾಟ್ಸೋಲ್ಲ.’

ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಪೆಟ್ಟಿಗೆಗೆ ಟಪಾಲು ಗುಮಾಸ್ತೆಯವರು ವಾಡಿಕೆಯಂತೆ ನೋಡದೆಯೇ ಸ್ವೀಕೃತಿ ಮೊಹರು ಒತ್ತಿದ್ದು, ಅಷ್ಟರಲ್ಲಿ ಮುಚ್ಚಳ ಮೇಲೆದ್ದಿದ್ದರಿಂದ ಮೊಹರು ಒಳಗಿದ್ದ ಮರಿಯ ಹಣೆಗೆ ಬಿದ್ದಿರುತ್ತದೆ. ಮೊಹರು ಬಿದ್ದ ಯಾವುದನ್ನೂ ಲಿಖಿತ ಆದೇಶವಿಲ್ಲದೆ ಹೊರಹಾಕುವ ಪದ್ಧತಿ ಈ ಶಾಖೆಯಲ್ಲಿಲ್ಲ. ‘ಶನಿವಾರ ಸಂಜೆಯೊಳಗೆ ಯಾರಾದ್ರೂ ಮನೆಗೆ ಕರ್ಕೊಂಡು ಹೋಗಿ. ಬೀದಿಗೆ ಬಿಟ್ರೆ ಎರಡು ದಿನಾನೂ ಬದುಕೋಲ್ಲ’ ಎಂದು ಪಶುವೈದ್ಯೆಯವರು ತಿಳಿಸಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಮರಿಯು ಮೂತಿ ತಗಲಿಸಿಕೊಂಡು ಕೋಣೆಯ ನಕ್ಷೆಯನ್ನು ಕಲಿತಿರುವುದರಿಂದ ಕುರ್ಚಿ, ಮೇಜು, ಕಸದಬುಟ್ಟಿಗಳ ವರ್ಗಾವಣೆಯನ್ನು ತಡೆಹಿಡಿಯಲಾಗಿದೆ. ಫ್ಯಾನಿನ ಆಸೆಗೆ ಕುರ್ಚಿಯನ್ನು ನಾಲ್ಕು ಬೆರಳು ಸರಿಸಿದ ಹಿರಿಯ ಗುಮಾಸ್ತರು ‘ತಪ್ಪಾಯ್ತು ಸ್ವಾಮಿ’ ಎಂದು ಅಧೀಕ್ಷಕರಿಗೆ ಹೇಳಿದ್ದು, ಮರಿಗೆ ಹೇಳದಿರುವುದರಿಂದ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

2. ಸಿಬ್ಬಂದಿಯು ಕಾಲೆಳೆದು, ಸದ್ದು ಮಾಡಿಕೊಂಡೇ ನಡೆಯತಕ್ಕದ್ದು. ತಡವಾಗಿ ಬಂದು ಬೆಕ್ಕಿನ ಹೆಜ್ಜೆಯಲ್ಲಿ ಒಳಸೇರುವವರು ಇದನ್ನು ಎರಡು ಸಲ ಓದತಕ್ಕದ್ದು.

3. ಹಾಜರಿ ಸಹಿಗೆ ಮುನ್ನ ಮರಿಯಿಂದ ಮೂಸಿಸಿಕೊಳ್ಳತಕ್ಕದ್ದು. ಹನ್ನೊಂದು ವರ್ಷ ಸೇವೆಯಲ್ಲಿರುವ ಒಬ್ಬರನ್ನು ಮರಿ ಗುರುತಿಸಿರುವುದಿಲ್ಲ. ಅವರನ್ನು ಅಧೀಕ್ಷಕರೂ ಗುರುತಿಸಿರುವುದಿಲ್ಲ.

4. ‘ನಾಯಿ ಬಾಲ ಡೊಂಕು’ ಎಂಬ ಗಾದೆಯನ್ನು ಮರಿಯ ಎದುರು ಆಡತಕ್ಕದ್ದಲ್ಲ. ಬಾಲವನ್ನು ಅಳತೆಪಟ್ಟಿಯಿಂದ ಪರಿಶೀಲಿಸಲಾಗಿದ್ದು, ನೆಟ್ಟಗಿರುತ್ತದೆ.

5. ಅಧೀಕ್ಷಕರಿಗೆ ನಾಯಿಯೆಂದರೆ ಆಗದು ಎಂಬುದು ಸರ್ವವಿದಿತ. ಮರಿಯು ಅವರ ಬೂಟಿನ ಮೇಲೆ ನಿತ್ಯ ಎರಡು ತಾಸು ನಿದ್ರಿಸುತ್ತಿದ್ದು, ಆ ವೇಳೆ ಅವರು ಕಾಲು ಅಲುಗಿಸದಿರುವುದು ಕಲಂ 1ರ ಪಾಲನೆ ಮಾತ್ರ. ಕಾಲು ಜೋಮು ಹಿಡಿದ ಬಗ್ಗೆ ಯಾರೂ ವಿಚಾರಿಸತಕ್ಕದ್ದಲ್ಲ.

6. ಮರಿಯನ್ನು ಮನೆಗೆ ಒಯ್ಯಲು ಅರ್ಜಿ ಕರೆಯಲಾಗಿ, ಹನ್ನೆರಡು ಜನರ ಪೈಕಿ ಹನ್ನೊಂದು ಜನ ಕಾರಣ ನೀಡಿರುತ್ತಾರೆ: ಅತ್ತೆ, ಮೂರನೇ ಮಹಡಿ, ಈಗಾಗಲೇ ಇರುವ ಗಂಡ ಇತ್ಯಾದಿ. ಹನ್ನೆರಡನೆಯವರಾದ ಅಧೀಕ್ಷಕರು ಉಲ್ಲೇಖ 2ನ್ನು ಲಗತ್ತಿಸಿ, ಕಡತವನ್ನು ಮೂರು ದಿನ ತಮ್ಮಲ್ಲಿಯೇ ಇಟ್ಟುಕೊಂಡಿರುತ್ತಾರೆ.

7. ನಿನ್ನೆ ಸಂಜೆ ಮನೆಯವರು ‘ಯಾಕ್ರೀ ಮನೇಲೂ ಕಾಲೆಳ್ಕೊಂಡು ಓಡಾಡ್ತೀರಾ? ಏನಾಯ್ತು?’ ಎಂದು ಆಕ್ಷೇಪಣೆ ಎತ್ತಿದ್ದು, ಅಧೀಕ್ಷಕರು ಅಭ್ಯಾಸಬಲವೆಂದು ತಿಳಿಸಿ, ಸತ್ಯಾಂಶವನ್ನು ನಿವೇದಿಸಿಕೊಂಡಿರುತ್ತಾರೆ. ಮನೆಯವರು ಒಂದು ಲೋಟ ನೀರು ಪೂರ್ತಿ ಕುಡಿದ ನಂತರ, ‘ಹಾಗಾದ್ರೆ ಸೋಫಾ ಎಲ್ಲಿರ್ಬೇಕು ಅಂತ ಈಗ್ಲೇ ಹೇಳ್ಬಿಡಿ. ಆಮೇಲೆ ಸರಿಸೋ ಹಾಗಿಲ್ಲ, ಪಾಪ’ ಎಂದು ಆದೇಶಿಸಿರುತ್ತಾರೆ.

8. ಅದರಂತೆ ಸಂಖ್ಯೆ 417ನ್ನು ಇಂದು ಸಂಜೆ ವಿಲೇವಾರಿ ಮಾಡಲಾಗುವುದು. ಇದನ್ನು ಬರೆಯುವಾಗ ಅಧೀಕ್ಷಕರಿಗೆ ಬಹಳ ಸಂತೋಷವಾಗಿರುತ್ತದೆ. ಹಿಂದಿನ ವಾಕ್ಯವನ್ನು ದಾಖಲೆಗೆ ತೆಗೆದುಕೊಳ್ಳತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು
(ಬಲಗಾಲು ಇನ್ನೂ ಜೋಮು)

ಪ್ರತಿಗಳು:
1. ಟಪಾಲು ಗುಮಾಸ್ತೆಯವರಿಗೆ: ಇನ್ನು ಮುಂದೆಯೂ ನೋಡದೆಯೇ ಮೊಹರು ಒತ್ತುವುದು.
2. ಹಿರಿಯ ಗುಮಾಸ್ತರಿಗೆ: ಸೋಮವಾರದಿಂದ ಕುರ್ಚಿ ಸರಿಸಬಹುದು. ಆದರೂ ಸರಿಸುವುದಿಲ್ಲವೆಂದು ಅವರು ತಿಳಿಸಿರುತ್ತಾರೆ.
3. ಮರಿಗೆ: ಓದಲಾಗದ ಕಾರಣ, ಮೂಸಿ ನೋಡಲು, ಅಧೀಕ್ಷಕರು ಬೆಳಿಗ್ಗೆಯಿಂದ ಅಂಗೈಯಲ್ಲಿ ಹಿಡಿದಿದ್ದ ಪ್ರತಿ.
4. ಮನೆಯವರಿಗೆ: ಸೋಫಾ ಕಿಟಕಿ ಪಕ್ಕ. ಖಾಯಂ.