ಕಾರ್ತೀಕದ ಕೆರೆಗೆ ನಾನು ಹಾಕಿದ ಗಾಳ

ಮೀನು ಹಿಡಿಯುವವನು ಮೀನು ತಿಂದಿರಲೇಬೇಕು ಎಂಬ ಕಾನೂನು ಎಲ್ಲಿಯೂ ಇಲ್ಲ. ಕಂಪ್ಯೂಟರನ್ನು ಮುಟ್ಟದೆಯೇ ತೆಲುಗು ನಾಡಿನ ಕೊಂಡಾಪುರದ ಕಂಪ್ಯೂಟರ್ ಕಂಪನಿಗಳಿಗೆ ಕಾರು ಓಡಿಸಿ ಮೇಲೆ ಬಂದವನು ನಾನು. ಹಾಗಾಗಿ ಹೊಸ ಕಂಪನಿಯೊಂದರ ಮ್ಯಾನೇಜರ್, ಮಂಗಳೂರು ಕಡೆಯ ಶೆಟ್ಟರು, "ಇಲ್ಲಿ ಗಾಳ ಹಾಕ್ಲಿಕ್ಕೆ ಒಂದು ಕೆರೆ ಸಿಗ್ತದಾ ಮಾರಾಯ್ರೆ?" ಎಂದು ಕೇಳಿದಾಗ ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ಕೆರಿ ಒಂದ ಯಾಕ್ರಿ? ಮೀನುಗಳ ಪರಿಚಯನೂ ಐತ್ರಿ ನಂಗ. ಶನಿವಾರ ಬರ್ರಿ."

ಆ ಕಂಪನಿಯ ನೌಕರರನ್ನೆಲ್ಲ ಮನೆಯಿಂದ ಕರೆತಂದು ಬಿಡುವ ಕಾರುಗಳ ಗುತ್ತಿಗೆ ಕೊಡುವುದು ಶೆಟ್ಟರ ಕೈಯಲ್ಲಿತ್ತು. ಅದು ನನಗೆ ಸಿಗದಿದ್ದರೆ, ಅದನ್ನೇ ನಂಬಿ ಆಗಲೇ ಕೊಂಡು ತಂದಿದ್ದ ಕಾರುಗಳು ನಮ್ಮ ಗಲ್ಲಿಯ ಆಡುಗಳಿಗೆ ನೆರಳು ಕೊಡುತ್ತ ನಿಲ್ಲಬೇಕಾಗಿತ್ತು.

ಗಾಳದ ಕೋಲು ಎರಡು ಕೊಳ್ಳಲು ಹೋದೆ. ನಾನು ದರ ಇಳಿಸಿದಷ್ಟೂ ಅಂಗಡಿಯವನು ಕೋಲಿನಿಂದ ಒಂದೊಂದೇ ಭಾಗ ಇಳಿಸಿದ. ಕೊನೆಗೆ ಇಬ್ಬರಿಗೂ ಸಮಾಧಾನವಾಗುವ ಹೊತ್ತಿಗೆ ಕೋಲು, ದಾರ, ಗಾಳ ಮಾತ್ರ ಉಳಿದಿದ್ದವು. ಸಲಹೆಯನ್ನು ಅವನು ಪುಕ್ಕಟೆಯಾಗಿ ಕೊಟ್ಟ: ಚಳಿ ಶುರುವಾದರೆ ಮೀನು ಆಳಕ್ಕಿಳಿದು ಸೋಮಾರಿಯಾಗುತ್ತದೆ, ನಸುಕಿನಲ್ಲಿ ಹೋಗಬೇಡಿ, ಬಿಸಿಲೇರಿದ ಮೇಲೆ ಆಳದ ಕಡೆ ಹಿಟ್ಟಿನ ಸಣ್ಣ ಉಂಡೆ ಹಾಕಿ ಸುಮ್ಮನೆ ಕೂರಿ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ಸಂತೆಗೆ ಮೊದಲು ಹೋದವನಿಗೇ ಒಳ್ಳೆಯ ಮಾಲು ಎಂದು ನಂಬಿದ ನಾನು ನಸುಕಿಗೇ ಹೊರಟೆ.

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಆದ್ದರಿಂದ ಹೆಂಡತಿ ಗಿರಿಜಾಳಿಗೆ, "ಶೆಟ್ರಿಗೆ ಕೆರಿ ತೋರ್ಸಾಕ ಹೊಂಟೀನಿ" ಎಂದಷ್ಟೇ ಹೇಳಿದ್ದೆ.

"ಕಾರ್ತೀಕದಾಗ ಒಬ್ರ ಕೆರಿಗೆ ಹೊಂಟೀರೇನು? ತಡೀರಿ, ನಾನೂ ಬಂದು ಒಂದು ದೀಪ ಬಿಡ್ತೀನಿ."

ಅವಳು ಬಂದರೆ ರೊಟ್ಟಿಯ ಬುಟ್ಟಿಯೂ ಬರುತ್ತದೆ, ಶೆಟ್ಟರ ನಾಷ್ಟಾದ ಖರ್ಚು ಉಳಿಯುತ್ತದೆ. ಕೋಲುಗಳನ್ನು ಡಿಕ್ಕಿಯಲ್ಲಿ ಕಂಬಳಿಯಡಿ ಮಲಗಿಸಿ, ಒಪ್ಪಿಕೊಂಡೆ.

ಶಂಶಾಬಾದ್ ದಾಟಿ ಕೆರೆ ತಲುಪಿದಾಗ ಮಂಜಿನಲ್ಲಿ ನೀರೇ ಕಾಣುತ್ತಿರಲಿಲ್ಲ. ಗಿರಿಜಾ ದೀಪ ಹಿಡಿದು ಆಚೆಯ ಮೆಟ್ಟಿಲುಗಳ ಕಡೆ ಹೋದಳು. ಶೆಟ್ಟರು ಶಾಲು ಬಿಗಿದುಕೊಂಡು, "ಇಷ್ಟು ಬೇಗ ಮೀನು ಏಳ್ತದಾ?" ಎಂದರು.

"ಏಳಬೇಕ್ರಿ. ನಾವು ಎದ್ದಿಲ್ಲೇನು?"

ನಾನು ಬೀಸಿದ ಮೊದಲ ಗಾಳ ಶೆಟ್ಟರ ಶಾಲನ್ನು ಹಿಡಿಯಿತು. ಮುಂದಿನದು ಜಾಲಿ ಗಿಡವನ್ನು. ಅದರ ಮುಂದಿನದು ನನ್ನದೇ ಮಂಕಿ ಟೋಪಿಯನ್ನು ಕಿತ್ತುಕೊಂಡು ಹೋಗಿ ಕೆರೆಗೆ ಒಪ್ಪಿಸಿತು. ಬಿಸಿಲೇರಿತು. ಶೆಟ್ಟರು ಆಳದ ಕಡೆ ಗಾಳ ಬಿಟ್ಟು ತಪಸ್ಸಿಗೆ ಕುಳಿತರು. ದಾರ ಒಮ್ಮೆ ಅಲುಗಿತು. ಆಮೇಲೆ ಸತ್ತಂತೆ ಬಿದ್ದುಕೊಂಡಿತು.

ಅಷ್ಟರಲ್ಲಿ ಆಚೆ ಮೆಟ್ಟಿಲ ಬಳಿ ನೀರು ಕೊತಕೊತ ಕುದಿಯತೊಡಗಿತು. ಗಿರಿಜಾ, ಗುಡಿಯ ಪುಷ್ಕರಣಿಗೆ ಹಾಕುವಂತೆ, ಚುರುಮುರಿಯನ್ನು ಬೊಗಸೆ ಬೊಗಸೆಯಾಗಿ ಎರಚುತ್ತಿದ್ದಳು. ಕೆರೆಯ ಸಮಸ್ತ ಮೀನುಗಳು ಒಂದರ ಮೇಲೊಂದು ಬಾಯಿ ತೆರೆದು ನಿಂತಿದ್ದವು. ಚಳಿಗಾಲದಲ್ಲಿ ಆಳಕ್ಕಿಳಿಯಬೇಕೆಂದು ಅವುಗಳಿಗೆ ಯಾರೂ ಹೇಳಿದಂತಿರಲಿಲ್ಲ.

ಓಡಿದೆ. "ಏನ್ ಮಾಡಾಕತ್ತೀ?"

"ಪುಣ್ಯ. ಕಾಣಂಗಿಲ್ಲೇನು?"

"ಅಲ್ಲಿ ಶೆಟ್ರು ಗಾಳ ಹಾಕ್ಕೊಂಡು ಕುಂತಾರ. ನಿಲ್ಸು ಮಾರಾಯ್ತಿ."

"ಗಾಳ?" ಅವಳ ಕೈ ಅಲ್ಲಿಯೇ ನಿಂತಿತು. "ಕಾರ್ತೀಕದಾಗ?"

"ವ್ಯಾಪಾರ ಐತಿ, ಗಿರಿಜಾ."

"ಇರಲಿ. ಉಣ್ಣಾಕ ಕುಂತವರನ್ನ ಎಬ್ಬಸ್ತಾರೇನ್ರಿ?"

ನನ್ನ ವ್ಯಾಪಾರದ ಬುದ್ಧಿ ಚುರುಕಾಯಿತು. ಗಿರಾಕಿಯ ಬಳಿಗೆ ಮಾಲು ಬರದಿದ್ದರೆ, ಮಾಲಿನ ಬಳಿಗೇ ಗಿರಾಕಿಯನ್ನು ಕರೆತರಬೇಕು. "ಶೆಟ್ರ, ಇಲ್ಲಿ ಬರ್ರಿ. ಎಲ್ಲಾ ಇಲ್ಲೇ ಕೂಡ್ಯಾವು."

ಶೆಟ್ಟರು ಕೋಲು ಹಿಡಿದು ಬಂದರು. ಗಿರಿಜಾ ಅಡ್ಡ ನಿಂತಳು.

"ಅಣ್ಣಾರ, ನಾ ಕರದ್ರ ಊಟಕ್ಕ ಬಂದಾವು. ನಮ್ಮ ಪಂಕ್ತಿಯೊಳಗ ಗಾಳ ಹಾಕ್ತೀರೇನು?"

ಶೆಟ್ಟರು ಮೀನುಗಳನ್ನು ನೋಡಿದರು, ಅವಳನ್ನು ನೋಡಿದರು, ಕೋಲನ್ನು ಮೆಲ್ಲಗೆ ಕೆಳಗಿಟ್ಟರು. "ಇಲ್ಲ ಅಕ್ಕ. ತಪ್ಪಾಗ್ತದೆ."

ಉಭಯಪಕ್ಷಗಳ ನಡುವೆ ರಾಜಿ ಮಾಡಿಸಲು ಮುಂದಾದ ನಾನು ಪಾಚಿಯ ಮೇಲೆ ಕಾಲಿಟ್ಟೆ. ನಾನು ನೀರಿಗೆ ಬಿದ್ದ ಸದ್ದಿಗೆ ಅಷ್ಟೂ ಮೀನು ಆಳಕ್ಕಿಳಿದವು. ಅಂಗಡಿಯವನ ಶಾಸ್ತ್ರ ಕೊನೆಗೂ ನಿಜವಾಯಿತು.

ನಾನು ಕಂಬಳಿ ಸುತ್ತಿಕೊಂಡು ಬಾನೆಟ್ಟಿನ ಮೇಲೆ ನಡುಗುತ್ತಿದ್ದೆ. ಶೆಟ್ಟರು ಜೋಳದ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿ ಹಚ್ಚಿ ತಿಂದರು. "ಅಕ್ಕ, ನಮ್ಮ ಆಫೀಸಲ್ಲಿ ನಿಮ್ಮ ಕಡೆಯ ಹುಡುಗ್ರು ಇಲ್ಲಿಯ ಊಟ ಸೇರುದಿಲ್ಲ ಅಂತ ದಿನಾ ಜಗಳ. ನೀವು ಮಾಡಿ ಕಳಿಸ್ತೀರಾ?"

"ನಮ್ಮ ಕಾರಿನ ವಿಷಯ?" ಎಂದೆ, ಹಲ್ಲು ಕಟಕಟಿಸುತ್ತ.

"ಅದು ನೋಡುವ ಪಾಟೀಲ್ರೆ. ಮೊದಲು ನೀವು ಒಣಗಿ."

ನಾನು ಒಣಗುವಷ್ಟರಲ್ಲಿ ಕಾರುಗಳ ಗುತ್ತಿಗೆ ಬೇರೆಯವರ ಪಾಲಾಯಿತು. ಆದರೂ ಆ ಕಂಪನಿಗೆ ನನ್ನದೊಂದು ಕಾರು ದಿನವೂ ತಪ್ಪದೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಗಿರಿಜಾಳ ಊಟದ ಡಬ್ಬಿಗಳು ಆರಾಮವಾಗಿ ಕೂರುತ್ತವೆ. ಗೇಟಿನ ಕಾವಲುಗಾರನಿಗೆ ಮೊದಮೊದಲು ನಾನು ಟ್ರಾವೆಲ್ಸ್ ಮಾಲೀಕನೆಂದು ಗತ್ತಿನಿಂದ ಹೇಳುತ್ತಿದ್ದೆ. ಅವನು ಗೇಟು ತೆರೆಯುತ್ತಿರಲಿಲ್ಲ.

ಈಗ ದೂರದಿಂದಲೇ ಹಿಂದಿಯಲ್ಲಿ ಕೂಗುತ್ತೇನೆ: "ರೊಟ್ಟಿ ಮೇಡಂ ಕಾ ಡ್ರೈವರ್."

ತಕ್ಷಣ ತೆರೆಯುತ್ತಾನೆ. ಸಲಾಮು ಮಾತ್ರ ಡಬ್ಬಿಗೆ ಹೊಡೆಯುತ್ತಾನೆ.